ಜೇವರ್ಗಿ ಬಸ್ಸಿನ ಬುತ್ತಿ

ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಖಜೂರಿಯಲ್ಲಿ. ಊರಿನ ರಸ್ತೆ ಹಿಡಿದು ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಹಗಲೆಲ್ಲ ಲಾರಿ ಓಡಾಡುವ ಊರು. ಗುರುತಿಲ್ಲದವರು ಬಂದು ನೀರು ಕೇಳಿದರೆ, ಯಾವೂರು, ಯಾರ ಮನೆ, ಎಲ್ಲಿಗೆ ಹೊರಟಿದ್ದು ಎಂದೆಲ್ಲ ವಿಚಾರಿಸಿದ ಮೇಲೆಯೇ ನಮ್ಮವ್ವ ತಂಬಿಗೆ ಎತ್ತುತ್ತಿದ್ದಳು. ಆ ಗುಣ ನನಗೂ ಬಂದಿದೆ. ಮದುವೆಯಾದ ಹೊಸದರಲ್ಲೇ ನನ್ನ ಗಂಡ ‘ಅನುಮಾನದಾಕಿ’ ಎಂದು ಬಿರುದು ಕೊಟ್ಟರು. ನಾನು ಬೇಡವೆನ್ನಲಿಲ್ಲ. ಒಂದು ಮನೆಗೆ ಹೊಸದಾಗಿ ಬಂದ ಹೆಣ್ಣು ಕಣ್ಣು ತೆರೆದುಕೊಂಡಿರದಿದ್ದರೆ ಹೇಗೆ?

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಅಫಜಲಪುರದ ಆ ಮನೆಗೆ ಸೊಸೆಯಾಗಿ ಬಂದೆ. ಬಂದ ವಾರದಲ್ಲೇ ಕಣ್ಣಿಗೆ ಬಿದ್ದದ್ದು ಎರಡು ಬುತ್ತಿ ಗಂಟು.

ನಮ್ಮ ಕಡೆ ಊರು ಬಿಟ್ಟು ಓದುವ ಮಕ್ಕಳಿಗೆ ಮನೆಯ ರೊಟ್ಟಿ ಸರಕಾರಿ ಬಸ್ಸಿನಲ್ಲಿ ಹೋಗುತ್ತದೆ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಪಲ್ಯ, ಶೇಂಗಾ ಹಿಂಡಿ ಇಟ್ಟು, ಅರಿವೆಯಲ್ಲಿ ಗಂಟು ಕಟ್ಟಿ ಕಂಡಕ್ಟರನ ಕೈಗೆ ಕೊಟ್ಟರಾಯಿತು. ಆ ಕಡೆಯ ಬಸ್ ಸ್ಟ್ಯಾಂಡಿನಲ್ಲಿ ಉಣ್ಣುವವರು ಕಾದಿದ್ದು, ತಮ್ಮ ಮನೆಯ ಅರಿವೆ ಗುರುತಿಸಿ ಒಯ್ಯುತ್ತಾರೆ. ಖಾಲಿ ಡಬ್ಬಿ ಅದೇ ಅರಿವೆಯಲ್ಲಿ ಹಿಂದಕ್ಕೆ ಬರುತ್ತದೆ. ಗುಲಬರ್ಗಾದಲ್ಲಿ ಓದುತ್ತಿದ್ದ ನನ್ನ ಮೈದುನನಿಗೆ ಒಂದು ಗಂಟು ಹೋಗುತ್ತಿತ್ತು, ಸರಿ. ಇನ್ನೊಂದು, ನೀಲಿ ಚೌಕಳಿಯ ಅರಿವೆಯದು, ಜೇವರ್ಗಿ ಬಸ್ಸಿಗೆ ಹೋಗುತ್ತಿತ್ತು. ಅದನ್ನು ಅತ್ತೆ ಯಾರ ಕೈಗೂ ಕೊಡದೆ ತಾವೇ ಸ್ಟ್ಯಾಂಡಿನವರೆಗೆ ಒಯ್ಯುತ್ತಿದ್ದರು.

“ಅದು ಯಾರಿಗ್ರಿ ಅತ್ತೀ?” ಎಂದು ಕೇಳಿದೆ.

“ನಮ್ಮಣ್ಣನ ಮಗಗ. ಅಲ್ಲೇ ಓದಾಕತ್ತಾನ.”

ಮಾವನವರೂ ಹಾಗೆಯೇ ನಂಬಿದ್ದರು. ಅವರದು ದವಸದ ಅಡತಿ ಅಂಗಡಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದು ಇದು ಯಾವ ಊರಿನ ಹೊಲದ್ದು ಎಂದು ಹೇಳುವ ಮನುಷ್ಯ, ಮನೆಯ ಬುತ್ತಿ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಲಿಲ್ಲ. ನಾನು ಆ ಅಣ್ಣನ ಮಗನನ್ನು ಒಂದು ಮದುವೆಯಲ್ಲಿ ನೋಡಿದೆ. ಪರೀಕ್ಷೆಯಲ್ಲಿ ನಪಾಸಾಗಿ, ಓದು ಬಿಟ್ಟು, ಊರಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹಾಗಾದರೆ ಅತ್ತೆಯ ರೊಟ್ಟಿ ಉಣ್ಣುತ್ತಿದ್ದವರು ಯಾರು?

ಅಂದಿನಿಂದ ನನಗೆ ನಿದ್ದೆ ಹತ್ತದಾಯಿತು. ಕಂಡಕ್ಟರೇ ತಿಂದು ತೇಗುತ್ತಿರಬಹುದೆ? ಸ್ಟ್ಯಾಂಡಿಗೆ ಹೋಗಿ ಅವನನ್ನೇ ಹಿಡಿದೆ. ಇಜೇರಿ ಕಡೆಯವನು, ಬಾಯಿ ಬಿಡುವ ಜಾತಿಯಲ್ಲ. “ಬುತ್ತಿ ಮುಟ್ಟಬೇಕಾದವ್ರಿಗಿ ಮುಟ್ಟತಾದ್ರಿ ಅವ್ವಾರ, ಚಿಂತಿ ಮಾಡಬ್ಯಾಡ್ರಿ” ಎಂದು ಸೀಟಿ ಊದಿ ಬಸ್ಸು ಬಿಟ್ಟ. ಹಿಂದಿರುಗಿ ಬಂದ ಅರಿವೆಯನ್ನು ಮೂಸಿ ನೋಡಿದೆ. ದವಾಖಾನೆಯ ಔಷಧದ ವಾಸನೆ. ಅಲ್ಲಿಗೆ ಇನ್ನೊಂದು ಅನುಮಾನ ಶುರುವಾಯಿತು: ಯಾವುದೋ ಕ್ಷಯದ ರೋಗಿ ಉಂಡ ಡಬ್ಬಿ ನಮ್ಮ ಅಡುಗೆಮನೆಗೆ ಬರುತ್ತಿದೆ. ನಾನು ಆ ಡಬ್ಬಿಯನ್ನು ಬೇರೆಯಾಗಿ ಬೂದಿ ಹಾಕಿ ತಿಕ್ಕತೊಡಗಿದೆ. ಅತ್ತೆ ನೋಡಿದರೂ ಏನೂ ಕೇಳಲಿಲ್ಲ. ಕೇಳದಿದ್ದದ್ದು ಇನ್ನೂ ಅನುಮಾನಕ್ಕೆ ಎಡೆಯಾಯಿತು.

ಇಷ್ಟೆಲ್ಲ ಹೇಳಿದೆ ಎಂದು ಅತ್ತೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ ಎಂದುಕೊಳ್ಳಬೇಡಿ. ತೊಂಬತ್ತರ ದಶಕದಲ್ಲಿ ಅವರು ಹೋದಾಗ ನಾನು ಅತ್ತಷ್ಟು ಅವರು ಹೆತ್ತ ಗಂಡುಮಕ್ಕಳು ಅಳಲಿಲ್ಲ. ಹಾಲಿನ ಕೆನೆಯನ್ನು ಮಾವನವರ ಕಣ್ಣು ತಪ್ಪಿಸಿ ನನಗೆ ತೆಗೆದಿಡುತ್ತಿದ್ದರು. ನಗು ಬಂದರೆ ಸೆರಗು ಬಾಯಿಗೆ ಹಿಡಿದು ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ ಎಷ್ಟೋ ದಿನ ನನ್ನ ಪಕ್ಕದಲ್ಲೇ ಮಲಗಿದರು. ಆಗೊಮ್ಮೆ ತಲೆ ಸವರುತ್ತ, “ಕೂಸು ಕೈಬಿಟ್ಟು ಹೋಗೋ ಸಂಕಟ ನಂಗ ಗೊತ್ತದವಾ” ಎಂದರು. ಅಳುತ್ತಿದ್ದವಳು ನಾನು ಅಳು ನಿಲ್ಲಿಸಿದೆ. ಅತ್ತೆಗೆ ಇದ್ದದ್ದು ಇಬ್ಬರೇ ಮಕ್ಕಳು, ಇಬ್ಬರೂ ಗುಂಡುಕಲ್ಲಿನ ಹಾಗಿದ್ದರು. ಕೈಬಿಟ್ಟು ಹೋದ ಕೂಸು ಯಾವುದು?

ಪಂಚಮಿಗೆ ತವರಿಗೆ ಹೋದಾಗ ಅವ್ವನನ್ನು ಕೇಳಿದೆ. ಒಲೆಯ ಮುಂದೆ ಕೂತಿದ್ದ ಅವ್ವ ನನ್ನ ಮುಖ ನೋಡಿದಳು.

“ನಿಮ್ಮತ್ತಿದು ಉಡಿಕಿ ಆದದ್ದು ನಿನಗ್ ಖರೇನೇ ಗೊತ್ತಿಲ್ಲೇನು?”

ಉಡಿಕಿ ಎಂದರೆ ಗಂಡ ಸತ್ತವಳಿಗೆ ಮಾಡುವ ಎರಡನೇ ಮದುವೆ. ಬಾಜಾ ಭಜಂತ್ರಿ ಇಲ್ಲ, ಚಪ್ಪರವಿಲ್ಲ, ನಾಲ್ಕು ಜನ ಹಿರಿಯರ ಮುಂದೆ ಸೀರೆ ಉಡಿಸಿ ಕರೆದೊಯ್ಯುತ್ತಾರೆ. ಮೊದಲ ಗಂಡನ ಮಕ್ಕಳು ಮೊದಲ ಮನೆಯಲ್ಲೇ ಉಳಿಯಬೇಕು. ಅತ್ತೆಯ ಮೊದಲ ಮನೆ ಇಜೇರಿಯಲ್ಲಿತ್ತಂತೆ. ಗಂಡ ಹೋದಾಗ ಕಂಕುಳಲ್ಲಿ ಇನ್ನೂ ಮೊಲೆಹಾಲು ಬಿಡದ ಹೆಣ್ಣುಕೂಸು. ಕೂಸನ್ನು ಅದರ ಅಜ್ಜಿಯ ಮಡಿಲಿಗೆ ಹಾಕಿ ಅತ್ತೆ ಅಫಜಲಪುರಕ್ಕೆ ಬಂದರು. ಬರುವಾಗ ಹಿರಿಯರು ಮಾತು ತೆಗೆದುಕೊಂಡಿದ್ದರು: ಹಿಂದಿನ ಮನೆಯ ಹೆಸರನ್ನಾಗಲಿ ಕೂಸಿನ ಹೆಸರನ್ನಾಗಲಿ ಹೊಸ ಮನೆಯಲ್ಲಿ ಎತ್ತಬಾರದು, ಎತ್ತಿದ ದಿನ ಹೊಸ್ತಿಲು ದಾಟಿ ಹೋಗಬೇಕು. ಮಾವನವರು ಹಿರಿಯರ ಮುಂದೆ ಹೂಂ ಎಂದಿದ್ದರು. ಅತ್ತೆಯೂ ಹೂಂ ಎಂದಿದ್ದರು.

“ಆ ಹುಡುಗಿ ಈಗ ಜೇವರ್ಗಿ ದವಾಖಾನಿಯೊಳಗ ನರ್ಸ್ ಅಂತ. ಇದನ್ನ ನೀ ಅಲ್ಲಿ ಬಾಯಿ ಬಿಟ್ಟೀಯಂದ್ರ ನೋಡು, ನಿಮ್ಮತ್ತಿ ಬಾಳೇ ಹಾಳು” ಎಂದು ಅವ್ವ ಗದರಿಸಿದಳು.

ನಾನು ಬಾಯಿ ಬಿಡಲಿಲ್ಲ. ಗಂಡನ ಮುಂದೆಯೂ ಬಿಡಲಿಲ್ಲ. ಆದರೆ ಅನುಮಾನ ಹೋಗಲಿಲ್ಲ, ದಿಕ್ಕು ಬದಲಾಯಿತು ಅಷ್ಟೆ. ಈಗ ಮಾವನವರ ಮೇಲೆ ಕಣ್ಣಿಟ್ಟೆ. ಅವರು ಊಟಕ್ಕೆ ಕೂತು ರೊಟ್ಟಿ ಬುಟ್ಟಿಯ ಕಡೆ ನೋಡಿದರೆ ಬುಟ್ಟಿಗೆ ಅರಿವೆ ಮುಚ್ಚುತ್ತಿದ್ದೆ. ಅಂಗಡಿಗೆ ಇಜೇರಿ ಕಡೆಯ ರೈತರು ಬಂದರೆ ಕಿವಿ ಅತ್ತಲೇ ಇರುತ್ತಿತ್ತು. ಯಾವನಾದರೂ ಒಂದು ಮಾತು ಆಡಿದರೆ ಅತ್ತೆ ಈ ಮನೆಯಲ್ಲಿ ಇರಲಾರರು.

ಒಂದು ಮಳೆಗಾಲ ಅತ್ತೆಗೆ ಚಳಿಜ್ವರ ಬಂತು. ಹೊದ್ದು ಮಲಗಿದಲ್ಲಿಂದಲೇ, “ಜೇವರ್ಗಿ ಬುತ್ತಿ ತಪ್ಪಬಾರ್ದು ನೋಡವಾ” ಎಂದರು. ಯಾರಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ದಿನ ನಾನೇ ರೊಟ್ಟಿ ಬಡಿದು, ಅದೇ ನೀಲಿ ಅರಿವೆಯಲ್ಲಿ ಕಟ್ಟಿ ಕಳಿಸಿದೆ. ಅತ್ತೆಯ ರೊಟ್ಟಿ ತಟ್ಟೆ ಮೀರಿ ಅಗಲ, ತೆಳ್ಳಗೆ, ನಾಲ್ಕು ಮಡಿಕೆ ಮಾಡಿದರೂ ಮುರಿಯದು. ನನ್ನದು ನಮ್ಮ ಗಡಿಯ ಕಡೆಯ ಭಾಕರಿ, ಸಣ್ಣದು, ದಪ್ಪ. ರೊಟ್ಟಿ ರೊಟ್ಟಿಯೇ ಅಲ್ಲವೇ ಎಂದುಕೊಂಡು ಕಳಿಸಿದ್ದೆ.

ಮೂರನೆಯ ದಿನ ಬೆಳಿಗ್ಗೆ ಮಾವನವರು ಬಸ್ ಸ್ಟ್ಯಾಂಡ್ ಕಾಣುವ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಬಿಳಿ ಸೀರೆಯ ಒಬ್ಬ ಹೆಣ್ಣುಮಗಳು ಸ್ಟ್ಯಾಂಡಿನ ಕಡೆಯಿಂದ ಹೆಚ್ಚುಕಡಿಮೆ ಓಡುತ್ತಲೇ ಬಂದು ನಮ್ಮ ಬಾಗಿಲ ಮುಂದೆ ನಿಂತಳು. ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ಕಣ್ಣು ಕೆಂಪಗೆ ಊದಿದ್ದವು.

“ಯಾರ್ ಬೇಕಾಗಿತ್ತವಾ?” ಎಂದರು ಮಾವ.

ಅವಳು ಒಮ್ಮೆ ಅಂಗಳ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮನೆಯಲ್ಲಿ ಅಳುವ ಜನ ಇಲ್ಲದ್ದು ಕಂಡು ಅವಳ ಮುಖ ಸಡಿಲವಾಯಿತು.

“ನಾ ನರ್ಸ್ ಇದ್ದೇನ್ರಿ. ಜ್ವರದವ್ರನ್ನ ನೋಡಾಕ ಮನಿ ಮನಿ ತಿರಗಾಕತ್ತೇವ್ರಿ.”

“ಜೇವರ್ಗಿ ಬಸ್ಸಿಂದ ಇಳದದ್ದು ನಾ ಕಂಡೇನಿ. ನಮ್ಮೂರಾಗ ನರ್ಸಬಾಯಿ ಬರಗಾಲ ಬಿದ್ದಾದೇನು?”

ಮಾವನವರು ಅನುಮಾನದಲ್ಲಿ ನನ್ನನ್ನೂ ಮೀರಿಸುವವರು ಎಂದು ಆಗಲೇ ಗೊತ್ತಾದದ್ದು. ನಾನು ಗಡಬಡಿಸಿ, “ಒಳಗ ಬರ್ರಿ, ಅತ್ತಿಗಿ ಜ್ವರ ಅವ” ಎಂದು ಕಾಲಿಗೆ ನೀರು ಕೊಟ್ಟೆ. ಕಾಲು ತೊಳೆಯುತ್ತ ಅವಳು ಪಿಸುಗುಟ್ಟಿದಳು:

“ರೊಟ್ಟಿ ನೀವ್ ಬಡದಿದ್ರೇನ್ರಿ?”

ಹೌದೆಂದು ತಲೆಯಾಡಿಸಿದೆ.

“ಬ್ಯಾರೆ ಕೈ ರೊಟ್ಟಿ ಬಂತು. ಮತ್ತ ಮರದಿನಾನೂ ಅದೇ ಬಂತು. ಅವ್ವ ಹೋದ್ಳು ಅಂತ ತಿಳ್ಕೊಂಡೆ.”

ತಂಬಿಗೆ ಅಲ್ಲೇ ಇಟ್ಟು ಅವಳನ್ನು ಒಳಗೆ ಕರೆದೊಯ್ದೆ.

ಒಳಗೆ ಅತ್ತೆ ಗೋಡೆಗೆ ಒರಗಿ ಎದ್ದು ಕೂತಿದ್ದರು. ಮಾವನವರು ನಮ್ಮ ಹಿಂದೆಯೇ ಬಂದು ನಡುಮನೆಯ ಬಾಗಿಲಲ್ಲಿ ನಿಂತರು. ಮೊಲೆಹಾಲು ಬಿಡಿಸಿ ಬಂದ ಕೂಸನ್ನು ಅತ್ತೆ ಅಂದೇ ಮೊದಲು ನೋಡುತ್ತಿದ್ದದ್ದು. ಗುರುತು ಹೇಗೆ ಹತ್ತಿತೋ ತಿಳಿಯದು, ಹತ್ತಿತು. ಅವಳು ಮೊಣಕಾಲೂರಿ ಕೂತು ಮಣಿಕಟ್ಟು ಹಿಡಿದಳು. ನಾಡಿ ನೋಡುವುದಕ್ಕೆ ಅಷ್ಟು ಹೊತ್ತು ಬೇಡ.

“ಮದಿವಿ ಆಗ್ಯಾದೇನವಾ?” ಅತ್ತೆ ಪರಕೀಯರನ್ನು ಕೇಳುವ ಧಾಟಿಯಲ್ಲಿ ಕೇಳಿದರು.

“ಆಗ್ಯಾದ್ರಿ.”

“ಮಕ್ಕಳು?”

“ಇಬ್ಬರು ಹೆಣ್ಣುಮಕ್ಕಳ್ರಿ.”

“ಗಂಡನ ಮನಿಯವ್ರು ಚಂದ ನೋಡ್ಕೋತಾರೇನು?”

“ನೋಡ್ಕೋತಾರ್ರಿ. ನನ್ನ ಅಜ್ಜಿನೂ ಚಂದ ನೋಡ್ಕೊಂಡ್ಳ್ರಿ. ಏನೂ ಕಮ್ಮಿ ಮಾಡಲಿಲ್ಲ.”

ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಮಾವನವರ ಕಡೆ ಕಳ್ಳನೋಟ ಬೀರಿದೆ. ಅವರ ಕಣ್ಣು ಹುಡುಗಿಯ ಮೇಲಿಂದ ಅತ್ತೆಯ ಮೇಲೆ, ಅತ್ತೆಯ ಮೇಲಿಂದ ಹುಡುಗಿಯ ಮೇಲೆ ಹೋಗಿಬಂದು ಮಾಡುತ್ತಿದ್ದವು. ಮುಗಿಯಿತು ಎಂದುಕೊಂಡೆ.

ಗುಳಿಗೆ ಕೊಟ್ಟು ಅವಳು ಎದ್ದಳು. “ಬರ್ತೇನ್ರಿ” ಎಂದಳು. ಬಾಗಿಲವರೆಗೆ ಹೋಗಿದ್ದಳು ಕೂಡ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

“ನಿಂದ್ರು” ಎಂದರು ಅತ್ತೆ. ನನ್ನ ಕಡೆ ತಿರುಗಿ, “ಅಕ್ಕಿ ತಗೊಂಡ್ ಬಾ. ಉಡಿ ತುಂಬಬೇಕು” ಎಂದರು. ತವರಿನಿಂದ ಹೊರಟ ಮಗಳಿಗೆ ಕೊಡುವ ಮಡಿಲಕ್ಕಿ ಅದು.

“ಸರಕಾರಿ ನರ್ಸಬಾಯಿಗಿ ಉಡಿ ಯಾಕ?” ಮಾವನವರ ದನಿ ಗಡಸಾಗಿತ್ತು.

ಜ್ವರದಲ್ಲಿ ನಡುಗುತ್ತ ಅತ್ತೆ ಗೋಡೆ ಹಿಡಿದು ಎದ್ದು ನಿಂತರು.

“ಇಕಿ ನನ್ನ ಮಗಳು. ಬರೇ ಉಡಿಲೆ ಹ್ಯಾಂಗ್ ಕಳಸ್ಲಿ? ಹಿರ್ಯಾರ ಮುಂದ ಕೊಟ್ಟ ಮಾತು ಮುರದೇನಿ. ಹೋಗಂದ್ರ ಹೋಗ್ತೇನಿ. ಆದ್ರ ಉಡಿ ತುಂಬಿದ ಮ್ಯಾಲ.”

ಮಾವನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಬೀದಿಯ ಕಡೆ ನೋಡುತ್ತ ನಿಂತರು. ಬುತ್ತಿ ಯಾರಿಗೆ ಹೋಗುತ್ತಿತ್ತೆಂದು ಅವರಿಗೆ ಮೊದಲೇ ಗೊತ್ತಿತ್ತೋ, ಆಗಲೇ ಗೊತ್ತಾಯಿತೋ ನನಗೆ ಇಂದಿಗೂ ಬಗೆಹರಿದಿಲ್ಲ. ಕೇಳಿದ್ದರೂ ಖರೆ ಹೇಳುತ್ತಿರಲಿಲ್ಲ. ಕೊನೆಗೆ ಬೆನ್ನು ತಿರುಗಿಸಿಕೊಂಡೇ ನನ್ನನ್ನು ಬೈದರು:

“ನಿಂತೇನ್ ನೋಡಾಕತ್ತೀ? ಅಕ್ಕಿ ತಾ ಅಂದ್ಳಲ್ಲ ನಿಮ್ಮತ್ತಿ!”

ಅಕ್ಕಿ, ಕೊಬ್ಬರಿ, ನನ್ನ ಪೆಟ್ಟಿಗೆಯ ಹೊಸ ಕುಬಸದ ಕಣ ತಂದುಕೊಟ್ಟೆ. ಅತ್ತೆ ಸುರಿದ ಅರ್ಧ ಅಕ್ಕಿ ನೆಲಕ್ಕೇ ಚೆಲ್ಲಿತು. ಎರಡು ಮಕ್ಕಳ ತಾಯಿಯಾದ ಆ ಮಗಳು ಸೆರಗೊಡ್ಡಿ ಕೂತು, ಬಾಗಿಲು ತೆರೆದಿದ್ದ ಆ ಮನೆಯಲ್ಲಿ, ಮಾವನವರಿಗೂ ಕೇಳುವಂತೆ, “ಅವ್ವಾ” ಎಂದಳು.