ಹುರುಳಿ ಹರವಿದ ದಾರಿಯಲ್ಲಿ ಮಡಚುವ ಸೈಕಲ್

ಧನುರ್ಮಾಸದ ಒಂದು ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಮಡಚಿದ ಸೈಕಲ್ಲೊಂದನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದೆ. ಚೀಲದಲ್ಲಿ ನೀರಿನ ಬಾಟಲಿ, ನಾಲ್ಕು ರಸಬಾಳೆ, ಜೊತೆಗೆ ನಮ್ಮ ಯಜಮಾನರು ಮುದ್ದಾದ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಒಂದು ಕಾಗದ. ‘ಮೇಲ್ಕಂಡ ಬಡ್ತಿಯನ್ನು ಸ್ವಇಚ್ಛೆಯಿಂದ ನಿರಾಕರಿಸಿರುತ್ತೇನೆ’ ಎಂದು ಅದರಲ್ಲಿತ್ತು. ನನ್ನ ಸಹಿಯೊಂದು ಬಾಕಿ.

ಇದು ೨೦೦೪ರ ಸುಮಾರಿನ ಮಾತು. ಇಪ್ಪತ್ತಮೂರು ವರ್ಷ ಪಾಠ ಹೇಳಿದ ಮೇಲೆ ನನಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಿತ್ತು. ಶಾಲೆ ಮಾತ್ರ ಟಿ. ನರಸೀಪುರದಾಚೆಯ ಸೋಸಲೆಯಿಂದ ಒಳಗೆ ನಾಲ್ಕು ಕಿಲೋಮೀಟರ್, ಬಸ್ಸಿಲ್ಲದ ಊರು. ಸೋಸಲೆಯವರೆಗೆ ಬಸ್ಸುಗಳಿದ್ದರೂ ಶಾಲೆಯ ಗಂಟೆಗೂ ಅವುಗಳ ವೇಳೆಗೂ ಹೊಂದಾಣಿಕೆಯಿರಲಿಲ್ಲ. ಹೌದೋ ಅಲ್ಲವೋ ತಿಳಿಸಲು ಕೊಟ್ಟಿದ್ದ ಮೂರು ವಾರದ ಗಡುವು ಈ ಸೋಮವಾರ ಮುಗಿಯುತ್ತಿತ್ತು. ಆದೇಶ ಬಂದಾಗಲೇ ನನ್ನ ತಲೆಗೆ ಹೊಳೆದದ್ದು ಈ ಸೈಕಲ್: ಟಿ. ನರಸೀಪುರದವರೆಗೆ ಬಸ್ಸಿನಲ್ಲಿ ನಾವಿಬ್ಬರೂ ಕೂರುವುದು, ಅಲ್ಲಿಂದ ಮುಂದೆ ನಾನು ಅದರ ಮೇಲೆ ಕೂರುವುದು. ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸೊಬ್ಬಳು ಊರಿಗೆ ಹೊರಟಾಗ ಇದನ್ನು ಮಾರುತ್ತಾಳೆಂದು ಗೆಳತಿಯಿಂದ ತಿಳಿದು ಕೊಂಡುಕೊಂಡಿದ್ದೆ.

ನಲವತ್ತಾರರ ಹೆಂಡತಿ ಸೈಕಲ್ ಹೊಡೆದು ಎಲ್ಲಿ ಬೀಳುತ್ತಾಳೋ ಎಂದು ಯಜಮಾನರಿಗೆ ಭಯ. “ಒಂದು ಭಾನುವಾರ ಹೋಗಿ ನೋಡಿ ಬಾ. ಆಗಲಿಲ್ಲ ಅಂದರೆ ಕಾಗದಕ್ಕೆ ಸಹಿ ಹಾಕು” ಎಂದರು. ಆದರೂ ಅಚ್ಚುಕಟ್ಟಿನ ಮನುಷ್ಯ. ಸೈಕಲ್ಲಿನ ಜೊತೆ ಬಂದ ಪುಸ್ತಕ ಓದಿ ನನಗೆ ಪಾಠ ಮಾಡಿದರು: ನಡುವಿನ ಕೀಲು ಬಿಡಿಸಿ ‘ಟಕ್’ ಎನ್ನುವವರೆಗೆ ಹಿಡಿಕೆ ಒತ್ತಬೇಕು, ಹ್ಯಾಂಡಲ್ಲಿನ ಕಂಬಕ್ಕೂ ಹಾಗೆಯೇ, ಸೀಟನ್ನು ಗೆರೆಗಿಂತ ಮೇಲೆ ಎತ್ತಕೂಡದು, ಹತ್ತುವ ಮೊದಲು ಗಾಳಿ ಒತ್ತಿ ನೋಡಬೇಕು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ತುಳಿದವಳು ನಾನು. ಹದಿನೈದು ದಿನ ಹೊಳೆಯ ದಂಡೆಯಲ್ಲಿ ಅಭ್ಯಾಸ ಮಾಡಿದೆ. ಶನಿವಾರ ಸಂಜೆ ಅವರು ಸೈಕಲ್ಲನ್ನು ಫಳಫಳ ಹೊಳೆಯುವಂತೆ ಉಜ್ಜಿ, ಅರಿಸಿನ ಕುಂಕುಮ ಇಟ್ಟು, ಗಾಲಿಯಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದರು.

ಸುತ್ತೂರಿನ ಮೇಲೆ ಹೋಗುವ ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲೇ ತಡೆದ.

“ಇದೇನ್ ಮೇಡಂ, ಒಲಿಗೆ ಮಿಷಿನ್ನಾ?”

“ಸೈಕಲ್.”

“ಸೈಕಲ್ಲಾದ್ರೆ ಟಾಪ್ ಮ್ಯಾಲೆ ಆಕ್ಬೇಕು.”

“ಮಡಚಿದೆಯಲ್ಲಪ್ಪ.”

“ಮಡಚುದ್ರೂ ಸೈಕಲ್ಲು ಸೈಕಲ್ಲೇ ಅಲ್ವಾ ಮೇಡಂ?”

ಐದು ರೂಪಾಯಿಯ ಲಗೇಜ್ ಟಿಕೆಟ್ ತೆಗೆದುಕೊಂಡು ಸೈಕಲ್ಲನ್ನು ಒಳಗೇ ಇಟ್ಟುಕೊಂಡೆ. ದಾರಿಯುದ್ದಕ್ಕೂ ಹತ್ತಿದವರೆಲ್ಲ ಅದನ್ನು ಮುಟ್ಟಿ ನೋಡಿದರು. ಸುತ್ತೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಅದರ ಸೀಟಿನ ಮೇಲೆ ಕೈಯೂರಿ ಟಿ. ನರಸೀಪುರದವರೆಗೆ ತೂಕಡಿಸಿದರು. ಒಂದು ಗಂಟೆಯ ಮೇಲಾಯಿತು.

ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಆಚೆ ಬಂದು ಸೈಕಲ್ ಬಿಡಿಸಿದೆ. ಟಕ್, ಟಕ್. ಸುತ್ತ ಎಂಟು ಹತ್ತು ಜನ ಸೇರಿದರು. ಯಾರನ್ನೂ ನೋಡದೆ ಹತ್ತಿ ಹೊರಟೆ. ಪುಟ್ಟ ಗಾಲಿಗಳು ರಸ್ತೆಯ ಒಂದೊಂದು ಕಲ್ಲನ್ನೂ ಸೊಂಟಕ್ಕೆ ವರದಿ ಮಾಡುತ್ತಿದ್ದವು. ಕಾವೇರಿಯ ಸೇತುವೆಯ ಮೇಲೆ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅಲ್ಲಿ ಎಮ್ಮೆಗಳು ಅಡ್ಡ ಬಂದಾಗ ಬ್ರೇಕ್ ಒತ್ತಿದೆ. ಸೈಕಲ್ ಅಷ್ಟಾಗಿ ನಿಧಾನಿಸಲಿಲ್ಲ. ಕಾಲೂರಿ ನಿಂತೆ, ನನ್ನ ಕೈಗೇ ಬಲವಿಲ್ಲವೆಂದುಕೊಂಡೆ. ಅದೇ ತಪ್ಪಾಯಿತು.

ಸೋಸಲೆ ದಾಟಿ ಒಳದಾರಿಗೆ ತಿರುಗಿದಾಗ ಒಂಬತ್ತೂವರೆ. ಎರಡೂ ಕಡೆ ಗದ್ದೆ, ಕಬ್ಬು. ಮೈ ಬಿಸಿಯಾಗಿತ್ತು, ಮನಸ್ಸು ಹಗುರವಾಗಿತ್ತು. ಒಂದು ಏರು ಹತ್ತಿ ಇಳಿಜಾರಿಗೆ ಬಂದೆ. ಕೆಳಗೆ ಟಾರಿನ ಅಗಲಕ್ಕೂ ಹುರುಳಿ ಗಿಡ ಹರವಿದ್ದರು. ನಮ್ಮ ಕಡೆ ಒಕ್ಕಣೆಯ ಕಾಲದಲ್ಲಿ ರಸ್ತೆಯೇ ಕಣ, ಹೋಗಿ ಬರುವ ಗಾಡಿಗಳೇ ಎತ್ತು. ಬ್ರೇಕ್ ಒತ್ತಿದೆ. ಎರಡೂ ಕೈಯಲ್ಲಿ ಒತ್ತಿದೆ. ಸೈಕಲ್ ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹುರುಳಿಯೊಳಕ್ಕೆ ನುಗ್ಗಿತು, ಬಳ್ಳಿ ಗಾಲಿಗೆ ಸುತ್ತಿಕೊಂಡಿತು, ನಾನು ಪಕ್ಕದ ರಾಶಿಯ ಮೇಲೆ ಮಗ್ಗುಲಾದೆ.

“ಎಲ್ಲಾರ ಏಟಾಯ್ತೇನವ್ವಾ?” ಎನ್ನುತ್ತ ಹೆಂಗಸೊಬ್ಬಳು ಓಡಿಬಂದಳು. ಪುಟ್ಟತಾಯಮ್ಮ. ಹುರುಳಿ ಅವಳದೇ. ಅವಳ ಗಂಡ ಮಾದಪ್ಪ ಗಿಡ ತಿರುವುವ ಕವೆಗೋಲು ಹಿಡಿದು ಹಿಂದೆಯೇ ಬಂದ. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಿರಲಿಲ್ಲ. ಆದರೆ ಕಣ್ಣಲ್ಲಿ ನೀರು ಬಂತು. ಪೆಟ್ಟಿಗಲ್ಲ, ಯಜಮಾನರ ಭಯವೇ ನಿಜವಾಯಿತಲ್ಲ ಎಂಬ ಸಂಕಟಕ್ಕೆ.

“ಟ್ರಾಕ್ಟರ್ ತುಳೀಲಿ ಅಂತ ಆಕಿದ್ವಿ, ನೀವು ತುಳುದ್ರಿ. ನಿಮ್ ತೂಕಕ್ಕೆ ಒಂದ್ ಕಾಳೂ ಉದುರ್ನಿಲ್ಲ ಬುಡಿ” ಎಂದು ಪುಟ್ಟತಾಯಮ್ಮ ನನ್ನ ಬೆನ್ನಿನ ಹೊಟ್ಟು ಕೊಡವಿದಳು. ನನಗೂ ನಗು ಬಂತು.

ಮಾದಪ್ಪ ಕುಡುಗೋಲಿನಿಂದ ಬಳ್ಳಿ ಕತ್ತರಿಸಿ ಬಿಡಿಸುತ್ತಿದ್ದವನು ಗಾಲಿಯ ರಿಮ್ಮಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ. “ಯಾರು ಸಾ ಇದುಕ್ಕೆ ಕೊಬ್ರಿ ಎಣ್ಣೆ ತಿಕ್ಕಿರೋದು?”

ಗಾಬರಿಯಲ್ಲಿ ನನ್ನನ್ನೂ ಗಂಡಸರಂತೆ ‘ಸಾ’ ಎಂದಿದ್ದ. “ನಮ್ಮ ಯಜಮಾನರು. ಪೂಜೆಗೆ ಅಂತ ಹೊಳಪು ಬರಿಸಿದರು” ಎಂದೆ.

“ನಾವೂ ಆಯುಧಪೂಜೆಗೆ ತಿಕ್ತೀವಿ ಕಣವ್ವಾ. ನಮ್ ದೊಡ್ ಸೈಕಲ್ಗೆ ಬ್ರೇಕು ರಿಮ್ಮಿನ ಒಳಗಡೆ ಇಡೀತದೆ, ಪಕ್ಕಕ್ಕೆ ಎಣ್ಣೆ ಆದ್ರೂ ನಡೀತದೆ. ಇದು ಪಕ್ಕಾನೇ ಇಡಿಯೋದು. ಎಂಗ್ ನಿಂತದು?”

ನೋಡಿದರೆ ಹೌದು. ಇಬ್ಬರು ಪದವೀಧರರು ಪುಸ್ತಕ ಓದಿ ಓದಿ ಕಾಣದ್ದನ್ನು ಅವನು ಒಂದು ಬೆರಳಲ್ಲಿ ಕಂಡುಹಿಡಿದಿದ್ದ.

ಅವರು ಮುದ್ದೆಗೆ ಹೂಡಿದ್ದ ಮೂರು ಕಲ್ಲಿನ ಒಲೆಯಿಂದ ಪುಟ್ಟತಾಯಮ್ಮ ಆರಿದ ಬೂದಿ ತಂದಳು. “ಮೊದ್ಲು ಎಣ್ಣೆ ಒರುಸ್ಬೇಕು” ಎಂದ ಮಾದಪ್ಪ. “ಬಟ್ಟೆ ಬ್ಯಾಡ, ಅದು ಎಣ್ಣೆ ಕುಡ್ದು ಮತ್ತೆ ಅದ್ನೇ ಸವರ್ತದೆ. ಕಾಗ್ದ ಇದ್ರೆ ಕೊಡಿ.”

ಚೀಲದಲ್ಲಿ ಇದ್ದದ್ದು ಒಂದೇ ಕಾಗದ. ಕೈ ಹಾಕಿ ಅದನ್ನು ಹಿಡಿದೆ, ಹೊರಗೆ ತೆಗೆಯಲಿಲ್ಲ.

“ಈ ಕಡೀಕ್ ಯಾಕ್ ಬಂದ್ರಿ ಅವ್ವಾ?” ಎಂದು ಪುಟ್ಟತಾಯಮ್ಮ ಕೇಳಿದಳು.

“ಶಾಲೆ ನೋಡಲು.”

“ಏನ್ ನೋಡೀರಿ? ಯಾವ ಎಡ್ಮಾಸ್ಟ್ರೂ ನಿಲ್ಲಕಿಲ್ಲ. ಬತ್ತಾರೆ, ಬಸ್ಸಿಲ್ಲ ಅಂತಾರೆ, ಓಯ್ತಾರೆ. ಎಲ್ಡ್ ವರ್ಸಾಯ್ತು.” ದೂರಿನ ದನಿಯಲ್ಲಿ ಹೇಳಲಿಲ್ಲ. ಮಳೆ ಬಾರದ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಅದೇ ನನಗೆ ನಾಟಿತು.

ಕಾಗದ ತೆಗೆದು, ನಾಲ್ಕಾಗಿ ಮಡಚಿ, ನಾನೇ ಕುಳಿತು ಎರಡೂ ಗಾಲಿಗಳ ಪಕ್ಕವನ್ನು ತಿಕ್ಕಿದೆ. ಆಮೇಲೆ ಬೂದಿ ಹಾಕಿ ಮಾದಪ್ಪ ತಿಕ್ಕಿದ, ಬ್ರೇಕಿನ ರಬ್ಬರನ್ನು ಒರಟು ಕಲ್ಲಿಗೆ ಉಜ್ಜಿದ. ಕೀಲಿನ ಹಿಡಿಕೆಯನ್ನೂ ಒತ್ತಿ ನೋಡಿದ. ಮುಗಿದ ಮೇಲೆ, “ಅತ್ತಿ ಓಗಿ, ಮೇಲಿಂದ ಬನ್ನಿ. ಉರ್ಳಿ ಮುಟ್ದಂಗೆ ನಿಲ್ಸಿ” ಎಂದು ಪರೀಕ್ಷೆ ಇಟ್ಟ.

ಇಷ್ಟು ವರ್ಷ ಪರೀಕ್ಷೆ ಕೊಟ್ಟವಳು ಈಗ ತೆಗೆದುಕೊಳ್ಳಬೇಕಾಯಿತು. ಸೈಕಲ್ ತಳ್ಳಿಕೊಂಡು ಏರು ಹತ್ತಿ, ತಿರುಗಿಸಿ, ಕೂತು ಬಿಟ್ಟೆ. ಮೊದಲು ಹಿಂದಿನ ಬ್ರೇಕ್, ಆಮೇಲೆ ಮೆಲ್ಲಗೆ ಮುಂದಿನದು. ರಬ್ಬರು ಕಿರ್ ಎಂದು ಕಚ್ಚಿತು. ಹುರುಳಿಗೆ ಒಂದು ಗೇಣು ಉಳಿದಿರುವಂತೆ ಸೈಕಲ್ ನಿಂತಿತು.

“ಪಾಸು” ಎಂದ ಮಾದಪ್ಪ.

ಅವರಿಗೆ ರಸಬಾಳೆ ಎರಡೆರಡು ಕೊಟ್ಟೆ. ಬದಲಿಗೆ ಬಿಸಿ ಮುದ್ದೆ, ಹುರುಳಿ ಬಸ್ಸಾರು ಸಿಕ್ಕಿತು. ವ್ಯಾಪಾರದಲ್ಲಿ ಲಾಭ ನನಗೇ. ಅಲ್ಲಿಂದ ಶಾಲೆ ಹತ್ತೇ ನಿಮಿಷ. ಹೆಂಚಿನ ಎರಡು ಕೋಣೆ, ಅಂಗಳದಲ್ಲಿ ಹೊಂಗೆ ಮರ. ಕಿಟಕಿಯಲ್ಲಿ ಇಣುಕಿದಾಗ ಗೋಡೆಯ ಮೇಲೆ ಮುಖ್ಯೋಪಾಧ್ಯಾಯರ ಹೆಸರಿನ ಹಲಗೆ ಕಂಡಿತು. ಕೊನೆಯ ಹೆಸರಿನ ಕೆಳಗೆ ಎರಡು ಬೆರಳಗಲ ಜಾಗ ಖಾಲಿ ಇತ್ತು. ಮರದ ಕೆಳಗೆ ಕೂತು ನೀರು ಕುಡಿದೆ. ಬಹಳ ಸಂತೋಷವಾಗಿತ್ತು.

ಹಿಂತಿರುಗುವಾಗ ಹುರುಳಿಯ ಹತ್ತಿರ ಇಳಿದು ತಳ್ಳಿಕೊಂಡೇ ದಾಟಿದೆ. ನಾಲ್ಕು ಗಂಟೆಗೆ ಬಸ್ ನಂಜನಗೂಡು ಸೇರಿತು. ಯಜಮಾನರು ನಿಲ್ದಾಣದಲ್ಲಿ ಕಾಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಕೇಳಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ಮೊಣಕೈ ನೋಡಿದರು.

“ಕಾಗದಕ್ಕೆ ಸಹಿ ಹಾಕಿದೆಯಾ?”

ಚೀಲದಿಂದ ತೆಗೆದುಕೊಟ್ಟೆ. ಅವರ ಮುದ್ದಾದ ಅಕ್ಷರಗಳ ಮೇಲೆಲ್ಲ ಕಪ್ಪು ಎಣ್ಣೆ ಹರಡಿತ್ತು. ‘ನಿರಾಕರಿಸಿರುತ್ತೇನೆ’ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ಬಿದ್ದದ್ದು, ಎಣ್ಣೆ, ಮಾದಪ್ಪನ ಬೆರಳು, ಎಲ್ಲವನ್ನೂ ಹೇಳಿದೆ. ಅವರು ಕಾಗದವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು, ತಮ್ಮ ಎಣ್ಣೆಯೇ ಎಂದು ಖಾತ್ರಿಯಾಯಿತು.

“ಈಗ ಬ್ರೇಕ್ ಹಿಡಿಯುತ್ತಾ?”

“ಒಂದು ಗೇಣಿಗೆ ನಿಲ್ಲುತ್ತೆ.”

ಅವರು ಸೈಕಲ್ಲನ್ನು ತಾವೇ ಬಿಡಿಸಿ, ಕೀಲು ಒತ್ತಿ, ಬ್ರೇಕನ್ನು ಎರಡು ಸಲ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. “ನೀನು ಇದರಲ್ಲಿ ಮನೆಗೆ ನಡಿ” ಎಂದರು. “ನಾನು ಅಂಗಡಿಗೆ ಹೋಗಿ ಬಿಳಿ ಹಾಳೆ ತರುತ್ತೇನೆ. ಒಪ್ಪಿಗೆ ಪತ್ರ ಬರೆಯಬೇಕಲ್ಲ.”