ಕಂಬದೊಳಗಿನ ಹಗ್ಗ

ಹುಮನಾಬಾದಿನ ಹೈಸ್ಕೂಲಿನಲ್ಲಿ ಜವಾನನ ಹುದ್ದೆ ಕಾಶಿರಾಮನದು. ಕೆಲಸ ಅವನ ಹೆಂಡತಿ ಸೋನುಬಾಯಿಯದು. ಕಸ ಹೊಡೆಯುವುದು, ಮಡಕೆಗಳಿಗೆ ನೀರು ತುಂಬುವುದು, ಬಾವುಟ ಒಗೆದು ಒಣಹಾಕುವುದು ಎಲ್ಲವೂ ಅವಳ ಮನೆಗೆಲಸಕ್ಕೆ ಬಾಲದಂತೆ ಬೆಳೆದುಕೊಂಡಿದ್ದವು. ಗಂಟೆಯನ್ನು ಮಾತ್ರ ಅವನು ಹೊಡೆಯುತ್ತಿದ್ದ.

ಎಂಬತ್ತನೆಯ ಇಸವಿಯಲ್ಲಿ ನಾಗರಪಂಚಮಿಯೂ ಆಗಸ್ಟ್ ಹದಿನೈದರ ಝಂಡಾ ಹಬ್ಬವೂ ಒಂದೇ ದಿನ ಬಂದವು. ಹಿಂದಿನ ದಿನ ತವರು ಮಂಠಾಳದಿಂದ ಸೋನುಬಾಯಿಯ ಅಣ್ಣ ಸಿದ್ದಪ್ಪ ಅವಳನ್ನು ಕರೆದೊಯ್ಯಲು ಬಂದ. ಅವ್ವನ ದೃಷ್ಟಿ ಮಂಜಾಗುತ್ತಿತ್ತು. “ಕಣ್ಣಾಗ ಬೆಳಕಿರೂತನಕ ಒಮ್ಮೆ ಮಾರಿ ತೋರಿಸಿ ಹೋಗು” ಎಂದು ಹೇಳಿ ಕಳಿಸಿದ್ದಳು. ವರ್ಷವರ್ಷ ಬೇಡವೆನ್ನುತ್ತಿದ್ದ ಕಾಶಿರಾಮ ಈ ಸಲ ಒಪ್ಪಿದ್ದ.

“ಕಂಬದ ಹಗ್ಗ ಬದಲ್ ಮಾಡಿ ಹೋಗು,” ಅಂದಿದ್ದ.

ಬಾವುಟದ ಕಂಬ ಕಬ್ಬಿಣದ ಕೊಳವೆ. ಹೊರಗಿದ್ದರೆ ಹುಡುಗರು ಜೋತುಬೀಳುತ್ತಾರೆಂದು ಹಗ್ಗವನ್ನು ಅದರ ಹೊಟ್ಟೆಯೊಳಗಿಂದ ಮೇಲೊಯ್ದು, ತುದಿಯ ರಾಟೆ ದಾಟಿಸಿ ಹೊರಗೆ ಇಳಿಸಿದ್ದರು. ಹಗ್ಗ ಜೀರ್ಣವಾಗಿತ್ತು. ಸೀರೆಯೊಳಗಿನ ಪರಕಾರಕ್ಕೆ ಲಾಡಿ ಬದಲಿಸಿದಂತೆಯೇ ಸೋನುಬಾಯಿ ಇದನ್ನೂ ಬದಲಿಸುವವಳಿದ್ದಳು. ಹಳೆಯದರ ತುದಿಗೆ ಹೊಸದರ ತುದಿಯನ್ನು ಗಂಟಿಲ್ಲದೆ ಹೊಲಿದು ಎಳೆದರೆ, ಹಳೆಯದು ಹೊರಬರುತ್ತ ಹೊಸದನ್ನು ಒಳಗೆ ಕರೆದುಕೊಳ್ಳುತ್ತದೆ. ದಬ್ಬಣ ತರಲು, ಶಾಲೆಯ ಆವರಣದಲ್ಲೇ ಇದ್ದ ಮನೆಯೊಳಗೆ ಹೋದಳು.

ಅಷ್ಟರಲ್ಲಿ ಹೆಡ್ ಮಾಸ್ತರರು ವರಾಂಡಕ್ಕೆ ಬಂದರು. ಸುಮ್ಮನೆ ನಿಂತದ್ದು ಅವರಿಗೆ ಕಾಣಬಾರದೆಂದು ಕಾಶಿರಾಮ ಹಗ್ಗ ಹಿಡಿದು ಜಗ್ಗಿದ. ಪೂರಾ ಹೊರಗೆ ಬಂತು.

“ಜಗ್ಗಿಬಿಟ್ರ್ಯಾ?” ದಬ್ಬಣ ಹಿಡಿದು ಬಂದ ಸೋನುಬಾಯಿ ಕೇಳಿದಳು.

“ಹಳೇದು ತೆಗೀದೆ ಹೊಸದು ಹ್ಯಾಂಗ ಹಾಕ್ತಿ?”

ಜೀವಮಾನವೆಲ್ಲ ಪಾಯಜಾಮಾ ತೊಟ್ಟವನು. ಅದು ಕೈಗೆ ಬರುವಾಗ ಲಾಡಿ ಅದರೊಳಗೇ ಇರುತ್ತಿತ್ತು.

“ಪಾಯಜಾಮಾನೂ ನೀನೇ ತೊಡಸ್ತಿ ಏನು, ಸೋನು?” ಬೇವಿನ ನೆರಳಿನಿಂದ ಸಿದ್ದಪ್ಪ ಕೇಳಿದ.

ಕಾಶಿರಾಮ ಹೆಡ್ ಮಾಸ್ತರರತ್ತ ತಿರುಗಿದ. “ಲಾಡಿ ಪೋಣಿಸೂದು ಹೆಣ್ಮಕ್ಕಳ ಕೆಲಸ ಅದರಿ ಸಾಹೇಬ್ರ. ಈಕಿಗೇ ಗೊತ್ತು, ಈಕಿನೇ ಮಾಡ್ತಾಳ.”

“ಮುಂಜಾನಿ ಝಂಡಾ ಏರಬೇಕು ನೋಡವ್ವ,” ಎಂದು ಹೆಡ್ ಮಾಸ್ತರರು ಒಳಗೆ ಹೋದರು.

ನಟ್ಟು ಬಿಚ್ಚಿ ಕಂಬವನ್ನು ನೆಲಕ್ಕೆ ಮಲಗಿಸಿದರು. ಸೋನುಬಾಯಿ ಸಣ್ಣ ದಾರಕ್ಕೆ ಬೋಲ್ಟು ಕಟ್ಟಿ ಕೊಳವೆಯೊಳಗೆ ಬಿಟ್ಟಳು. ಗಂಡಸರು ಒಂದು ತುದಿ ಎತ್ತಿದರು. ಬೋಲ್ಟು ಉರುಳಿ, ತುಕ್ಕು ಹಿಡಿದ ಬೆಸುಗೆಯ ಬಳಿ ನಿಂತಿತು. ಹಿಂದಕ್ಕೆ ಎಳೆದು ಮತ್ತೆ ಬಿಟ್ಟಳು. ಅಲ್ಲೇ ನಿಂತಿತು. ಕೊಳವೆ ತಟ್ಟಿದಳು, ಎಣ್ಣೆ ಬಿಟ್ಟಳು, ಬೋಲ್ಟು ತೆಗೆದು ಮೊಳೆ ಕಟ್ಟಿದಳು. ಮೊಳೆ ಅರ್ಧ ದಾಟುವ ಹೊತ್ತಿಗೆ ಮಂಠಾಳದ ಕಡೆ ಹೋಗುವ ಕಲ್ಯಾಣದ ಕೊನೆಯ ಬಸ್ಸಿನ ಹಾರ್ನು ಕೇಳಿಸಿತು.

ಸಿದ್ದಪ್ಪ ಕಂಬದ ತುದಿಯನ್ನು ಕಾಶಿರಾಮನ ಹೆಗಲಿಗೆ ಬಿಟ್ಟ. “ನಾ ನಿಂದ್ರಾಕ ಆಗಂಗಿಲ್ಲ ತಂಗಿ. ಮನ್ಯಾಗ ಹಬ್ಬ ಅದ.”

“ಅವ್ವಗ ಏನ್ ಹೇಳ್ತಿ ಅಣ್ಣಾ?”

“ಏನ್ ಹೇಳ್ಲಿ, ನೀನೇ ಹೇಳು.”

ದಾರ ಬಿಟ್ಟರೆ ಅದೂ ಮೊಳೆಯ ಹಿಂದೆ ಕೊಳವೆಯೊಳಗೆ ಜಾರಿಹೋಗುತ್ತಿತ್ತು. ಹೊಸ್ತಿಲ ಮೇಲಿದ್ದ ಶೇಂಗಾ ಉಂಡೆಯ ಡಬ್ಬಿಯನ್ನು ಗದ್ದದಿಂದಲೇ ತೋರಿಸಿದಳು. ಅವನು ಅದನ್ನು ಎತ್ತಿಕೊಂಡು ಹೋದ.

ಮರುದಿನ ಬಾವುಟ ತಡೆಯಿಲ್ಲದೆ ಏರಿತು. ಹೆಡ್ ಮಾಸ್ತರರು ಭಾಷಣದಲ್ಲಿ ಕಾಶಿರಾಮನ ಹೆಸರು ಹೇಳಿದರಂತೆ. ಸೋನುಬಾಯಿ ಹಿಂದೆ ಚಹಾದ ಕಪ್ಪು ತೊಳೆಯುತ್ತಿದ್ದಳು. ರಾತ್ರಿ ಊಟಕ್ಕೆ ಬಡಿಸುವಾಗ, ನಾಳೆ ಹೋಗಿ ಬರಲೇ ಎಂದು ಕೇಳಿದಳು.

“ಹಬ್ಬಾನೇ ಮುಗೀತಲ್ಲ, ಇನ್ನ್ಯಾಕ?” ಎಂದು ಅವನು ತಟ್ಟೆ ಮುಂದೆ ಸರಿಸಿದ.

ಅವಳು ಮಂಠಾಳಕ್ಕೆ ಹೋಗಿದ್ದು ದೀಪಾವಳಿಗೆ. ಅವ್ವ ಅವಳ ಹಣೆ, ಮೂಗು, ಗಲ್ಲ ಎಲ್ಲ ಬೆರಳಿನಿಂದ ತಡವಿದಳು.

“ಬೆಳಕಿಗೆ ಬಾ ಸೋನು,” ಎಂದಳು, “ಮಾರಿ ಕಾಣವಲ್ಲದು.”

ಇಬ್ಬರೂ ಅಂಗಳದಲ್ಲಿ, ನಡುಹಗಲಿನ ಬಿಸಿಲಿನಲ್ಲಿ ಕುಳಿತಿದ್ದರು.