ಸೋರುವ ಡಾಕ್ಟರು

ಮಕ್ಕಳ ಮೂತ್ರಪಿಂಡದ ಈ ಡಾಕ್ಟರ ತಲೆಯಲ್ಲಿ ಏನೂ ನಿಲ್ಲುವುದಿಲ್ಲ. ಕನ್ನಡಕ ಹಣೆಯ ಮೇಲಿರುತ್ತದೆ, ಹುಡುಕಾಟ ಮೇಜಿನ ಕೆಳಗೆ. ಹೆಣ್ಣು ಕೂಸನ್ನು ‘ಬಾರಯ್ಯ ರಾಜಾ’ ಎಂದು ಎತ್ತಿಕೊಳ್ಳುತ್ತಾರೆ. ಕೂಸಿನ ಮೂತ್ರದಲ್ಲಿ ಮೈಗೆ ಬೇಕಾದ ಅಮೈನೋ ಆಮ್ಲ ಸೋರುತ್ತಿದೆಯೆಂದು ತಾಯಿಯ ಜೀವ ಬಾಯಿಗೆ ಬಂದಿದ್ದರೆ, ಇವರದು ಅದೇ ಹಳೇ ಪಲ್ಲವಿ: “ಎಳೇ ಮೂತ್ರಪಿಂಡ ಕಣಮ್ಮ. ಏನು ಇಟ್ಕೋಬೇಕು, ಏನು ಬಿಡಬೇಕು ಅಂತ ಇನ್ನೂ ಗೊತ್ತಿಲ್ಲ. ಕಲಿಯುತ್ತೆ ಬಿಡು.” ‘ತಾವು ಕಲಿಯೋದು ಯಾವಾಗ ಸ್ವಾಮಿ?’ ಎಂದು ಅವಳು ಮನಸ್ಸಿನಲ್ಲೇ ಹಲ್ಲು ಕಡಿದಿದ್ದಳು. ಕೆಲವು ತಿಂಗಳಲ್ಲಿ ಸೋರಿಕೆ ತಾನಾಗಿ ತಗ್ಗಿತು. ತೋರಿಸಲು ಹೋದರೆ ಮಗಳು ಮತ್ತೆ ‘ರಾಜಾ’, ತಾಯಿಗೆ ಇನ್ಯಾರದೋ ಹೆಸರು, ಕನ್ನಡಕಕ್ಕೆ ಮತ್ತೆ ತಡಕಾಟ. ಮೇಜಿನ ಕೆಳಗಿಂದಲೇ ಡಾಕ್ಟರು ಕೇಳಿದರು: “ಆವತ್ತು ಕಣ್ಣಿಗೆ ನಿದ್ದೆ ಹತ್ತಲ್ಲ ಅಂದಿದ್ಯಲ್ಲಮ್ಮ, ಈಗ ಹತ್ತುತ್ತಾ?” ಹಾಗೆ ಅಂದಿದ್ದು ಅವಳಿಗೇ ಮರೆತುಹೋಗಿತ್ತು.